ಪರದೇಶಕ್ಕೆ ಹೊರಟವರ ಬೆನ್ನಿಗೆ ಯಾರು?

2024ರ ಅಕ್ಟೋಬರ್ 30ರ ನಸುಕಿನಲ್ಲಿ ಕುಮಾರಪಟ್ಟಣದಿಂದ ನನ್ನ ತಮ್ಮನ ಫೋನು ಬಂದಿತು. ಸ್ಪೇನ್ ದೇಶದ ವಲೆನ್ಸಿಯಾ ಪ್ರಾಂತ್ಯದಲ್ಲಿ ಭಾರೀ ಪ್ರವಾಹ; ಅಲ್ಲಿ ಓದುತ್ತಿರುವ ಮಗಳು ರಾತ್ರಿಯಿಂದ ಫೋನಿಗೆ ಸಿಗುತ್ತಿಲ್ಲ. ‘ಅಣ್ಣಾ, ನೀನು ಅಧಿಕಾರಿ ಆಗಿದ್ದಾಂವ. ಈಗ ಯಾರಿಗೆ ಫೋನ್ ಮಾಡಬೇಕು ಅಂತ ಹೇಳು’ ಎಂದ. ಸರ್ಕಾರಿ ಸೇವೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದವನು ನಾನು. ನೆರೆ ಬಂದಾಗ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಪರರ ಇಂತಹ ಪ್ರಶ್ನೆಗಳಿಗೆ ಉತ್ತರ ಕೊಟ್ಟವನು. ಅಂದು ನನ್ನ ಬಳಿ ಉತ್ತರವಿರಲಿಲ್ಲ.

ಮ್ಯಾಡ್ರಿಡ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಹುಡುಕಿ ಕೊಡುವಷ್ಟು ನನ್ನಿಂದಾಯಿತು. ಆದರೆ ಹುಡುಗಿಯ ಹೆಸರು ಅಲ್ಲಿ ದಾಖಲಾಗಿದೆಯೇ ಎಂಬುದು ತಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ವಿದೇಶದಲ್ಲಿರುವ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿಕೊಳ್ಳಲು ವಿದೇಶಾಂಗ ಸಚಿವಾಲಯದ ‘ಮದದ್’ ಎಂಬ ಜಾಲತಾಣ 2015ರಿಂದ ಇದೆ. ಅದು ಇದೆ ಎಂಬುದನ್ನು ನಾನು ತಿಳಿದದ್ದು ಆ ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಹುಡುಗಿಯೇ ಫೋನು ಮಾಡಿದಳು. ರೈಲುಗಳು ನಿಂತುಹೋದುದರಿಂದ ಸಹಪಾಠಿಯೊಬ್ಬಳ ಕೋಣೆಯಲ್ಲಿ ರಾತ್ರಿ ಕಳೆದಿದ್ದಳು. ಮೊಬೈಲಿನ ಚಾರ್ಜ್ ಮುಗಿದಿತ್ತು. ನಮ್ಮ ಮನೆಯ ಮಟ್ಟಿಗೆ ಕಥೆ ಸುಖಾಂತ್ಯವಾಯಿತು.

ಆದರೆ ನಮ್ಮ ಸೀಮೆಯಲ್ಲಿ ಇಂತಹ ಫೋನು ಎಲ್ಲರ ಪಾಲಿಗೂ ಸುಖಾಂತ್ಯವಾಗಿಲ್ಲ. ಕುಮಾರಪಟ್ಟಣದಿಂದ ರಾಣೆಬೆನ್ನೂರಿನ ಕಡೆಗೆ ಹೆದ್ದಾರಿಯಲ್ಲಿ ಕೆಲವೇ ಮೈಲಿ ಸಾಗಿದರೆ ಚಳಗೇರಿ ಸಿಗುತ್ತದೆ. ಆ ಊರಿನ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೆಯ ವರ್ಷದ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದಾಗ, 2022ರ ಮಾರ್ಚ್ 1ರಂದು, ಆಹಾರ ಸಾಮಗ್ರಿ ಕೊಳ್ಳಲು ಸರದಿಯಲ್ಲಿ ನಿಂತಿದ್ದ ವೇಳೆ ಶೆಲ್ ದಾಳಿಗೆ ಬಲಿಯಾದರು. ಅದೇ ತಿಂಗಳ 21ರಂದು ಅವರ ಪಾರ್ಥಿವ ಶರೀರ ಊರಿಗೆ ಬಂದಿತು. ಅಂದು ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ಜನರಲ್ಲಿ ನಾನೂ ಒಬ್ಬನಾಗಿದ್ದೆ. ಅಂತಿಮ ವಿಧಿಗಳ ನಂತರ ಕುಟುಂಬದವರು ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ತನ್ನ ನಾಡಿನಲ್ಲಿ ವೈದ್ಯಕೀಯ ಸೀಟು ಸಿಗದೆ ದೂರದ ದೇಶಕ್ಕೆ ಹೋದ ಹುಡುಗ, ಕೊನೆಗೆ ತನ್ನೂರಿನ ಪಕ್ಕದ ವೈದ್ಯಕೀಯ ಕಾಲೇಜನ್ನು ಪ್ರವೇಶಿಸಿದ ಬಗೆ ಅದು. ಆ ದಿನದ ನೆನಪು ಇಂದಿಗೂ ನನ್ನನ್ನು ಕಲಕುತ್ತದೆ.

ಪಿಯುಸಿಯಲ್ಲಿ ಶೇ 97ರಷ್ಟು ಅಂಕ ಗಳಿಸಿದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವರ ತಂದೆ ಆಗ ಹೇಳಿದ್ದರು. ಖಾಸಗಿ ಕಾಲೇಜಿನ ಶುಲ್ಕ ತೆರಲಾಗದ ಮಧ್ಯಮ ವರ್ಗದ ಕುಟುಂಬಗಳಿಗೆ ಉಕ್ರೇನ್ ಕೈಗೆಟುಕುವ ದೇಶವಾಗಿತ್ತು. ಆ ಯುದ್ಧದ ಆರಂಭದಲ್ಲಿ ಅಲ್ಲಿಂದ ಮರಳಿದ ಭಾರತೀಯರ ಸಂಖ್ಯೆ ಸುಮಾರು 22,500. ಅವರಲ್ಲಿ ಬಹುತೇಕರು ವಿದ್ಯಾರ್ಥಿಗಳು. ಹಾವೇರಿಯಲ್ಲಿ 150 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ಅದೇ 2022ರಲ್ಲಿ.

ಈ ಎರಡು ಊರುಗಳ, ಎರಡು ಮನೆಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗಿದೆ. ವಿದೇಶ ವ್ಯಾಸಂಗ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಈಗ ಹೆಚ್ಚಿನ ಅರ್ಥವಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಹೊರದೇಶಗಳಲ್ಲಿ ಓದುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 13 ಲಕ್ಷವನ್ನು ಮೀರಿತ್ತು. ಹೋಗುವವರು ಹೋಗುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆಯದು: ಹೊರಟವರ ಬೆನ್ನಿಗೆ ಯಾರಿದ್ದಾರೆ?

ನನ್ನ ತಮ್ಮನ ಮಗಳ ಬೆನ್ನಿಗೆ ನಾನಿದ್ದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ತಮ್ಮ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೌಕರ. 1970ರ ದಶಕದಲ್ಲಿ ಇಲ್ಲಿ ರೇಯಾನ್ ತಿರುಳಿನ ಕಾರ್ಖಾನೆ ಬಂದಂದಿನಿಂದ ಈ ಊರಿನ ಬದುಕು ತುಂಗಭದ್ರೆಯನ್ನೂ ಕಾರ್ಖಾನೆಯ ಪಾಳಿಯ ಗಂಟೆಯನ್ನೂ ಆಶ್ರಯಿಸಿಯೇ ನಡೆದಿದೆ. ನದಿಯ ಮಾಲಿನ್ಯದ ವಿರುದ್ಧ 1980ರ ದಶಕದಲ್ಲಿ ನಡೆದ ಹೋರಾಟದ ಮಾತುಗಳನ್ನು ಹಿರಿಯರಿಂದ ಕೇಳುತ್ತ ಬೆಳೆದ ಹುಡುಗಿ, ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ನೀರಿನ ನಿರ್ವಹಣೆಯನ್ನೇ ಓದುತ್ತೇನೆಂದು ಹಟ ಹಿಡಿದಳು. ವಲೆನ್ಸಿಯಾದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ 2023ರಲ್ಲಿ ಪ್ರವೇಶ ದೊರೆಯಿತು. ಹಣಕ್ಕೆ ಬ್ಯಾಂಕಿನ ಬಾಗಿಲು ತಟ್ಟಬೇಕಾಯಿತು.

ಶೈಕ್ಷಣಿಕ ಸಾಲದ ಮಾದರಿ ಯೋಜನೆಯ ಲೆಕ್ಕ ಸರಳ. ನಾಲ್ಕು ಲಕ್ಷ ರೂಪಾಯಿಯವರೆಗೆ ಆಸ್ತಿಯ ಭದ್ರತೆ ಬೇಡ; ಅಲ್ಲಿಂದ ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಸಾಕು; ಅದನ್ನು ಮೀರಿದರೆ ಆಸ್ತಿ ಅಡಮಾನ ಇಡಬೇಕು. ಏಳೂವರೆ ಲಕ್ಷದಲ್ಲಿ ಯುರೋಪಿನಲ್ಲಿ ಎರಡು ವರ್ಷ ಓದಿ ಬದುಕುವುದು ಸಾಧ್ಯವಿಲ್ಲ. ನಾನು ದಾವಣಗೆರೆಯಲ್ಲಿರುವ ನನ್ನ ಮನೆಯ ಪತ್ರ ಒಪ್ಪಿಸಿದೆ, ಸಾಲ ಮಂಜೂರಾಯಿತು.

ಅದೇ ದಿನ ಅದೇ ಬ್ಯಾಂಕಿನಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿ ಒಬ್ಬ ರೈತ ಮಗನೊಂದಿಗೆ ಕುಳಿತಿದ್ದ. ಐದು ಎಕರೆ ಜಮೀನು, ಅದರಲ್ಲಿ ತರಕಾರಿ ಬೀಜೋತ್ಪಾದನೆ. ರಾಣೆಬೆನ್ನೂರು ಸೀಮೆಯಲ್ಲಿ ಇದು ಕೈಯಲ್ಲಿ ಒಂದಿಷ್ಟು ಹಣ ಆಡುವ ಬೇಸಾಯ. ಮಗನಿಗೆ ಹೊರದೇಶದಲ್ಲಿ ಪ್ರವೇಶ ಸಿಕ್ಕಿತ್ತು. ಕೃಷಿ ಜಮೀನನ್ನು ಈ ಸಾಲಕ್ಕೆ ಭದ್ರತೆಯಾಗಿ ಒಪ್ಪಲಾಗದು ಎಂದು ವ್ಯವಸ್ಥಾಪಕರು ವಿನಯದಿಂದಲೇ ತಿಳಿಸಿದರು. ಅವರದು ತಪ್ಪಲ್ಲ. ಬಾಕಿ ವಸೂಲಿಗೆಂದು ಬ್ಯಾಂಕುಗಳಿಗೆ ವಿಶೇಷಾಧಿಕಾರ ನೀಡಿದ 2002ರ ಸರ್ಫೇಸಿ ಕಾಯ್ದೆಯು ಕೃಷಿ ಜಮೀನನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನ ಹೊಲ ಹರಾಜಾಗದಿರಲಿ ಎಂಬ ಸದುದ್ದೇಶ ಅದರ ಹಿಂದಿದೆ. ಆದರೆ ಅದರ ಪರಿಣಾಮ ನೋಡಿ: ಪಟ್ಟಣದಲ್ಲಿ ಮೂವತ್ತು-ನಲವತ್ತರ ಅಳತೆಯ ನಿವೇಶನವಿದ್ದವನ ಮಗನಿಗೆ ಸಾಲ ಉಂಟು, ಐದು ಎಕರೆ ಉಳುವವನ ಮಗನಿಗೆ ಇಲ್ಲ. ರೈತನನ್ನು ಕಾಯಲೆಂದು ಹಾಕಿದ ಬೇಲಿಯೇ ಅವನ ಮಗನ ದಾರಿಗೆ ಅಡ್ಡವಾಯಿತು.

ಅವರಿಬ್ಬರೂ ಎದ್ದು ಹೊರಗೆ ಹೋದರು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರ, ನಿವೃತ್ತ ಅಧಿಕಾರಿ ಎನಿಸಿಕೊಂಡ ನಾನು ನನ್ನ ಕಾಗದಗಳಿಗೆ ಸಹಿ ಹಾಕುತ್ತ ಕುಳಿತೆ. ಎದ್ದು ಹೋಗಿ ಆ ಹುಡುಗನಿಗೆ ಒಂದು ಮಾತು ಹೇಳಬಹುದಿತ್ತು. ಯುರೋಪಿನ ಒಕ್ಕೂಟವು ‘ಎರಾಸ್ಮಸ್ ಮುಂಡುಸ್’ ಎಂಬ ವಿದ್ಯಾರ್ಥಿವೇತನವನ್ನು 2004ರಿಂದ ಜಗತ್ತಿನ ಎಲ್ಲ ದೇಶದವರಿಗೂ ನೀಡುತ್ತಿದೆ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನವಂತೂ 1954–55ರಷ್ಟು ಹಳೆಯದು. ಇವುಗಳಲ್ಲಿ ಅವನಿಗೆ ಯಾವುದು ಅನ್ವಯಿಸುತ್ತಿತ್ತೋ ತಿಳಿಯದು. ನಾನು ಕೇಳಲೇ ಇಲ್ಲ.

ಇನ್ನು ಸ್ಪೇನಿನಲ್ಲಿ ನಮ್ಮ ಹುಡುಗಿ ಕಂಡುಂಡದ್ದು. ಎರಡು ವರ್ಷ ಅವಳು ಬರೆದ ಪತ್ರಗಳೂ ಆಡಿದ ಮಾತುಗಳೂ ನನ್ನ ಬಳಿ ಇವೆ. ಅವು ಪ್ರವಾಸ ಕಥನದಂತಿಲ್ಲ. ಹೆಚ್ಚಿನವು ಕಚೇರಿಯ ಸರದಿ, ಬಾಡಿಗೆ ಮನೆ, ಅಡುಗೆಮನೆಗಳ ಸಂಗತಿಗಳು. ಅಲ್ಲಿಗೆ ಹೋದ ವಿದ್ಯಾರ್ಥಿ ಒಂದು ತಿಂಗಳೊಳಗೆ ವಿದೇಶೀಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಅದಕ್ಕೆ ನಗರಸಭೆಯ ನಿವಾಸಿ ದಾಖಲೆ ಬೇಕು. ನಿವಾಸಿ ದಾಖಲೆಗೆ ಬಾಡಿಗೆ ಕರಾರು ಬೇಕು. ಪಕ್ಕಾ ಕರಾರು ಮಾಡಿಕೊಡುವ ಮನೆ ಮಾಲೀಕರು ಬ್ಯಾಂಕ್ ಖಾತೆ ಕೇಳುತ್ತಾರೆ. ಬ್ಯಾಂಕಿನವರು ಗುರುತಿನ ಚೀಟಿ ಕೇಳುತ್ತಾರೆ. ‘ದೊಡ್ಡಪ್ಪಾ, ನಮ್ಮ ತಾಲ್ಲೂಕು ಕಚೇರಿ ಇಲ್ಲಿಗೂ ಬಂದೈತಿ’ ಎಂದು ಅವಳು ಬರೆದಾಗ ನಗು ಬಂದಿತು. ನಾನೂ ಅಂತಹ ಸುತ್ತೋಲೆಗಳನ್ನು ಹೊರಡಿಸಿದವನೇ ಎಂಬುದು ನೆನಪಾದಾಗ ನಗು ನಿಂತಿತು.

ಮೂರು ವಾರ ಅವಳು ಪರಿಚಯದವರ ಕೋಣೆಯ ನೆಲದ ಮೇಲೆ ಮಲಗಿದಳು. ಮನೆಗೆ ಮಾತ್ರ ‘ಚಲೋ ಕೋಣೆ ಸಿಕ್ಕೈತಿ’ ಎಂದು ಹೇಳಿದ್ದಳು. ವಿದೇಶದಲ್ಲಿ ಓದುವ ಮಕ್ಕಳ ಬಗ್ಗೆ ಪಾಲಕರು ತಿಳಿಯಬೇಕಾದ ಮೊದಲ ಸಂಗತಿ ಇದು: ಸಾಲ ಮಾಡಿ ಕಳುಹಿಸಿದ ಮನೆಗೆ ಮಕ್ಕಳು ಕೆಟ್ಟ ಸುದ್ದಿ ಹೇಳುವುದಿಲ್ಲ. ಉನ್ನತ ಶಿಕ್ಷಣದಲ್ಲಿರುವ ವಿದೇಶಿ ವಿದ್ಯಾರ್ಥಿಗಳು ವಾರಕ್ಕೆ 30 ಗಂಟೆಯವರೆಗೆ ದುಡಿಯಲು ಸ್ಪೇನ್ 2022ರಿಂದ ಅವಕಾಶ ಕೊಟ್ಟಿದೆ. ಸಂಜೆ ಅವಳು ಒಂದು ಉಪಾಹಾರ ಗೃಹದಲ್ಲಿ ಪಾತ್ರೆ ತೊಳೆದಳು. ಅಲ್ಲಿಯವರು ರಾತ್ರಿ ಊಟಕ್ಕೆ ಕೂಡುವುದೇ ಒಂಬತ್ತರ ಮೇಲೆ; ಕೆಲಸ ಮುಗಿಯುವಾಗ ನಡುರಾತ್ರಿ ದಾಟುತ್ತಿತ್ತು. ಈ ವಿಷಯ ಅವಳ ತಾಯಿಗೆ ಗೊತ್ತಾದದ್ದು ಒಂದು ವರ್ಷದ ನಂತರ.

ಸಾಲಕ್ಕೆ ಇನ್ನೊಂದು ಗಾಳಿಯೂ ಬೀಸುತ್ತದೆ. ಅವಳು ಹೊರಟಾಗ ಒಂದು ಯೂರೋಗೆ ತೊಂಬತ್ತು ರೂಪಾಯಿಯೊಳಗೆ ಬೆಲೆಯಿತ್ತು. 2025ರ ಜುಲೈನಲ್ಲಿ ವ್ಯಾಸಂಗ ಮುಗಿಯುವ ವೇಳೆಗೆ ಅದು ನೂರರ ಆಸುಪಾಸಿಗೆ ಏರಿತ್ತು. ಕೋಣೆಯ ಬಾಡಿಗೆ ಏರದಿದ್ದರೂ ಕುಮಾರಪಟ್ಟಣದ ಲೆಕ್ಕದಲ್ಲಿ ಅದು ಏರುತ್ತಲೇ ಇತ್ತು. ಪ್ರವೇಶ ಕೊಡಿಸುವ ದಲ್ಲಾಳಿಗಳು ಇಂದಿನ ದರದಲ್ಲಿ ಎರಡು ವರ್ಷದ ಖರ್ಚು ಬರೆದುಕೊಡುತ್ತಾರೆ. ರೂಪಾಯಿ ಕುಸಿದರೆ ಏನು ಎಂಬ ಕಾಲಂ ಅವರ ಹಾಳೆಯಲ್ಲಿ ಇರುವುದಿಲ್ಲ.

ಕಷ್ಟಗಳಷ್ಟೇ ಅಲ್ಲ, ಅವಳು ಅಲ್ಲಿ ಕಲಿತದ್ದು ನನ್ನಂತಹವನಿಗೂ ಪಾಠವಾಯಿತು. ತಿಂಗಳುಗಟ್ಟಲೆ ಸ್ಪ್ಯಾನಿಷ್ ಕಲಿತು ಹೋದವಳಿಗೆ ಅಲ್ಲಿನ ಫಲಕಗಳಲ್ಲಿ ಮತ್ತೊಂದು ಭಾಷೆ ಎದುರಾಯಿತು. ಅದು ಕ್ಯಾಟಲನ್ ನುಡಿಗೆ ಹತ್ತಿರದ, ಅಲ್ಲಿನವರು ವಲೆನ್ಸಿಯನ್ ಎಂದು ಕರೆಯುವ ಊರಿನ ಮಾತು. ಫ್ರಾಂಕೋನ ಸರ್ವಾಧಿಕಾರದಲ್ಲಿ ಆಡಳಿತದಿಂದಲೂ ಶಾಲೆಯಿಂದಲೂ ಹೊರಗಿದ್ದ ಇಂತಹ ಭಾಷೆಗಳಿಗೆ 1978ರ ಸಂವಿಧಾನದ ಮೂರನೆಯ ವಿಧಿ ಆಯಾ ಪ್ರದೇಶದಲ್ಲಿ ಅಧಿಕೃತ ಸ್ಥಾನ ಪಡೆಯುವ ದಾರಿ ತೆರೆಯಿತು. ವಿಶ್ವವಿದ್ಯಾಲಯದ ಅರ್ಜಿಗಳು ಎರಡೂ ಭಾಷೆಗಳಲ್ಲಿ ಇರುತ್ತಿದ್ದವು. ಕಚೇರಿಯ ಗುಮಾಸ್ತೆಯೊಬ್ಬಳು ‘ನಿನ್ನದು ಹಿಂದಿಯೇ?’ ಎಂದು ಕೇಳಿದಳಂತೆ. ‘ಅಲ್ಲ, ಕನ್ನಡ’ ಎಂದಾಗ ಹೆಚ್ಚಿನ ವಿವರಣೆ ಬೇಕಾಗಲಿಲ್ಲ, ಆಕೆಗೆ ಅರ್ಥವಾಯಿತು.

ಅವಳನ್ನು ಬಹುವಾಗಿ ಸೆಳೆದದ್ದು ಅಲ್ಲಿನ ನೀರಿನ ನ್ಯಾಯಾಲಯ. ಪ್ರತಿ ಗುರುವಾರ ನಡುಹಗಲು ಹನ್ನೆರಡಕ್ಕೆ, ನಗರದ ಪ್ರಧಾನ ಚರ್ಚಿನ ಬಾಗಿಲ ಮುಂದೆ, ಎಂಟು ಕಾಲುವೆಗಳ ರೈತ ಪ್ರತಿನಿಧಿಗಳು ಕರಿಯ ನಿಲುವಂಗಿ ತೊಟ್ಟು ಸಾರ್ವಜನಿಕರ ಎದುರೇ ಕುಳಿತುಕೊಳ್ಳುತ್ತಾರೆ. ತಕರಾರು ಇದ್ದರೆ ಬಾಯಿಮಾತಿನಲ್ಲಿ, ಊರಿನ ಭಾಷೆಯಲ್ಲಿ, ವಕೀಲರಿಲ್ಲದೆ ವಿಚಾರಣೆ ನಡೆಸಿ ತೀರ್ಪು ಹೇಳುತ್ತಾರೆ. ಶತಮಾನಗಳಿಂದ ನಡೆದು ಬಂದ ಈ ಪದ್ಧತಿಯನ್ನು ಯುನೆಸ್ಕೊ 2009ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಮುಟ್ಟದ ಕಡತಗಳನ್ನು ಕಂಡವನು ನಾನು. ನೀರು ಬಿಡುವವನೂ ಪಡೆಯುವವನೂ ಪ್ರತಿವಾರ ಒಂದೇ ಬಾಗಿಲಲ್ಲಿ ಎದುರುಬದುರಾಗುವ ವ್ಯವಸ್ಥೆ ನಮ್ಮಲ್ಲಿ ಏಕಿಲ್ಲ ಎಂದು ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಕಡತದ ಭಾಷೆಯ ಉತ್ತರ ಮಾತ್ರ ಇತ್ತು.

ಆದರೆ ಯಾವ ನಾಡೂ ಎಲ್ಲದರಲ್ಲೂ ಮಾದರಿಯಲ್ಲ. ನೀರಿನ ನಿರ್ವಹಣೆಗೆ ಹೆಸರಾದ ಅದೇ ವಲೆನ್ಸಿಯಾ ಪ್ರಾಂತ್ಯದಲ್ಲಿ 2024ರ ಅಕ್ಟೋಬರ್ 29ರಂದು ಅಪಾಯದ ಸಂದೇಶ ಜನರ ಮೊಬೈಲುಗಳಿಗೆ ಬಂದದ್ದು ರಾತ್ರಿ ಎಂಟು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಅನೇಕ ಬಡಾವಣೆಗಳಿಗೆ ನೀರು ನುಗ್ಗಿತ್ತು. 220ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 1957ರ ಪ್ರವಾಹದ ನಂತರ ತುರಿಯಾ ನದಿಯನ್ನು ನಗರದ ದಕ್ಷಿಣಕ್ಕೆ ತಿರುಗಿಸಿದ್ದರಿಂದ ನಗರದ ಒಳಭಾಗ ಉಳಿಯಿತು. ನದಿಯಾಚೆಯ ಊರುಗಳು ಮುಳುಗಿದವು. ಮುಂದಿನ ದಿನಗಳಲ್ಲಿ ಸಾವಿರಾರು ಯುವಜನರು ಸಲಿಕೆ, ಪೊರಕೆ ಹಿಡಿದು ಸೇತುವೆ ದಾಟಿ ಕೆಸರು ಬಳಿಯಲು ನಡೆದರು. ಅವರ ನಡುವೆ ಕುಮಾರಪಟ್ಟಣದ ಹುಡುಗಿಯೂ ಇದ್ದಳು. ‘ಆ ದಿವಸ ಯಾರೂ ನನ್ನ ಚೀಟಿ ಕೇಳಲಿಲ್ಲ’ ಎಂದು ಬರೆದಳು. ಪರದೇಶವೊಂದು ಅವಳಿಗೆ ತನ್ನದಾದದ್ದು ಆ ಕೆಸರಿನಲ್ಲಿ ಎಂದು ನನಗನ್ನಿಸಿತು.

ಹೀಗೆ ವಿದೇಶ ವ್ಯಾಸಂಗವೆಂಬುದು ಪದವಿಯ ಕಾಗದವಷ್ಟೇ ಅಲ್ಲ. ಮನುಷ್ಯರನ್ನು ಬೆಳೆಸುವ, ಕೆಲವೊಮ್ಮೆ ಮುರಿಯುವ ಅನುಭವ ಅದು. ಬೆಳೆಯುವುದೋ ಮುರಿಯುವುದೋ ಎಂಬುದು ಕೇವಲ ಪ್ರತಿಭೆಯ ಮೇಲೆ ನಿಂತಿಲ್ಲ. 1913ರಲ್ಲಿ ಅಂಬೇಡ್ಕರ್ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಅವರ ಬೆನ್ನಿಗಿತ್ತು; ಮರಳಿ ಬಂದು ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರೂ ಇತ್ತು. ಮರಳಿದ ಅವರಿಗೆ ಬರೋಡಾದಲ್ಲಿ ತಂಗಲು ಒಂದು ಕೋಣೆಯೂ ದಕ್ಕದೆ ಹೋದದ್ದು ನಮ್ಮ ಸಮಾಜದ ಲಜ್ಜೆ. ಆದರೂ ಕಳುಹಿಸಿದವರು ಯಾರು, ಏಕೆ ಎಂಬುದು ಸ್ಪಷ್ಟವಿತ್ತು. ನಮ್ಮದೇ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕೃತಿಯನ್ನು ಕನ್ನಡಕ್ಕೆ ಕೊಟ್ಟರು. ಹೋದವರು ತಂದದ್ದನ್ನು ಊರಿನವರಿಗೆ ಹಂಚುವ ಒಂದು ರೂಢಿ ಅಂದಿತ್ತು.

ಇಂದು ಆ ಬೆನ್ನಿನ ಜಾಗದಲ್ಲಿ ಇರುವವರು ಯಾರು? ಬಹುತೇಕ ಮನೆಗಳಿಗೆ ದಲ್ಲಾಳಿ. ಅವನ ಆದಾಯ ಪ್ರವೇಶಾತಿಗೆ ಮುಗಿಯುತ್ತದೆ. ವಿದ್ಯಾರ್ಥಿಯ ಕಷ್ಟ ಅಲ್ಲಿಂದ ಮುಂದೆ ಆರಂಭವಾಗುತ್ತದೆ. ವಿದೇಶದಲ್ಲಿ ವೈದ್ಯಕೀಯ ಓದಿ ಬಂದವರಿಗೆ ಇಲ್ಲಿ ನಡೆಸುವ ಅರ್ಹತಾ ಪರೀಕ್ಷೆಯಲ್ಲಿ ಹಲವು ವರ್ಷ ಉತ್ತೀರ್ಣರಾದವರು ಕಾಲುಭಾಗದ ಆಸುಪಾಸು, ಕೆಲವೊಮ್ಮೆ ಅದಕ್ಕಿಂತಲೂ ಬಹಳ ಕಡಿಮೆ. ಈ ಅಂಕಿಯನ್ನು ಪ್ರವೇಶಕ್ಕೆ ಮುನ್ನ ಎಷ್ಟು ಪಾಲಕರಿಗೆ ಹೇಳಲಾಗುತ್ತದೆ? 1983ರ ವಲಸೆ ಕಾಯ್ದೆ ರೂಪುಗೊಂಡದ್ದು ಉದ್ಯೋಗಕ್ಕೆ ಹೋಗುವವರನ್ನು ಕಾಯಲು. ಗಲ್ಫ್ ದೇಶಕ್ಕೆ ಕೂಲಿಗೆ ಕಳುಹಿಸುವ ದಲ್ಲಾಳಿಗೆ ಅದು ನೋಂದಣಿ ಕಡ್ಡಾಯ ಮಾಡಿತು. ಸಾಲದ ಹೊರೆ ಹೊರಿಸಿ ವಿದ್ಯಾರ್ಥಿಯನ್ನು ಕಳುಹಿಸುವವನು ಅದರ ಕಣ್ಣಿಗೆ ಬೀಳಲಿಲ್ಲ.

ಇದೆಲ್ಲ ಕೇಂದ್ರದ ಹೊಣೆ ಎಂದು ರಾಜ್ಯ ಕೈತೊಳೆದುಕೊಳ್ಳಬಹುದು. ಕಡತ ಮುಚ್ಚಲು ನಾವು ಬಳಸುತ್ತಿದ್ದ ಸುಲಭದ ಷರಾ ಅದು. ಆದರೆ ಕೇರಳವು ಅನಿವಾಸಿ ಕೇರಳೀಯರಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆಯನ್ನು 1996ರಲ್ಲೇ ತೆರೆಯಿತು. ಪಂಜಾಬ್ 2012ರಲ್ಲಿ ತಂದ ಕಾಯ್ದೆಯಡಿ ಇಂತಹ ಸಲಹಾ ಕೇಂದ್ರಗಳಿಗೆ ಪರವಾನಗಿಯ ವ್ಯವಸ್ಥೆ ಮಾಡಿತು. ಜಾರಿಯಲ್ಲಿ ಕೊರತೆಗಳಿರಬಹುದು, ದಾರಿಯಂತೂ ಇದೆ.

ನಾನು ಕೇಳುವುದು ಮೂರೇ. ಮೊದಲನೆಯದು, ಪ್ರತಿ ಜಿಲ್ಲಾ ಕೇಂದ್ರದ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಿದೇಶ ವ್ಯಾಸಂಗಕ್ಕೆ ಒಂದು ಮೇಜು, ಒಬ್ಬ ತಿಳಿದ ನೌಕರ. ವಿದ್ಯಾರ್ಥಿವೇತನಗಳ ಪಟ್ಟಿ, ದೇಶವಾರು ನಿಯಮ, ಅರ್ಹತಾ ಪರೀಕ್ಷೆಗಳ ಫಲಿತಾಂಶ ಕನ್ನಡದಲ್ಲಿ ಅಲ್ಲಿ ಸಿಗಲಿ. ಹೊರಡುವವರು ಹೆಸರನ್ನು ‘ಮದದ್’ನಲ್ಲಿ ದಾಖಲಿಸಿಯೇ ಹೋಗುವಂತೆ ಅಲ್ಲಿಯೇ ನೆರವಾಗಲಿ, ಜಿಲ್ಲಾಡಳಿತದ ಬಳಿಯೂ ಒಂದು ಪಟ್ಟಿ ಇರಲಿ. ಎರಡನೆಯದು, ಕೃಷಿ ಜಮೀನಿನ ಹೊರತು ಬೇರೆ ಆಸ್ತಿಯಿಲ್ಲದ ಮನೆಗಳ ಅರ್ಹ ವಿದ್ಯಾರ್ಥಿಗಳಿಗೆ ಏಳೂವರೆ ಲಕ್ಷದ ಮೇಲಿನ ಸಾಲಕ್ಕೆ ರಾಜ್ಯದ ಖಾತರಿ ನಿಧಿ. ಪ್ರವೇಶ ಪಡೆದ ವಿಶ್ವವಿದ್ಯಾಲಯದ ಗುಣಮಟ್ಟವನ್ನು ನೋಡಿ ಖಾತರಿ ಕೊಡಲಿ. ಸುಮ್ಮನೆ ಹಂಚುವುದು ಬೇಡ. ಮೂರನೆಯದು, ಪ್ರವೇಶ ಕೊಡಿಸುವ ಕೇಂದ್ರಗಳಿಗೆ ನೋಂದಣಿ. ಪೂರ್ಣ ಖರ್ಚು, ಕರೆನ್ಸಿ ದರದ ಅಪಾಯ, ತನಗೆ ದೊರೆಯುವ ಕಮಿಷನ್ ಇವನ್ನು ಬರಹದಲ್ಲಿ ಕೊಡದವನ ಪರವಾನಗಿ ರದ್ದಾಗಲಿ.

‘ಇಷ್ಟೆಲ್ಲ ಮಾಡಿದರೆ ಪ್ರತಿಭಾ ಪಲಾಯನಕ್ಕೆ ನಾವೇ ಹಣ ಹೂಡಿದಂತಾಗದೇ?’ ಎಂದು ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಲ್ಲಿ ಸರ್ಕಾರಿ ಸೀಟುಗಳನ್ನು ಹೆಚ್ಚಿಸುವುದು ಮೊದಲ ಕರ್ತವ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸದ್ಯಕ್ಕೆ ನಾವು ಮಾಡುತ್ತಿರುವುದೇನು? ಆಸ್ತಿ ಇದ್ದವರ ಮಕ್ಕಳಿಗೆ ಬ್ಯಾಂಕು, ಇಲ್ಲದವರಿಗೆ ಕೈಸಾಲ ಮತ್ತು ದಲ್ಲಾಳಿ ಎಂಬ ವಿಂಗಡಣೆಯನ್ನು ಸುಮ್ಮನೆ ನೋಡುತ್ತಿದ್ದೇವೆ. ಸಾಲದ ಭಾರ ಹೆಚ್ಚಿದಷ್ಟೂ ಮರಳಿ ಬರುವುದು ಕಷ್ಟ. ಇಲ್ಲಿನ ಸಂಬಳದಲ್ಲಿ ಯೂರೋ ಲೆಕ್ಕದ ಸಾಲ ತೀರುವುದಿಲ್ಲ. ನೆರವು ಮತ್ತು ಮರಳುವ ಕರಾರು ಜೊತೆಗೂಡಿದರೆ ಬರುವವರು ಹೆಚ್ಚಾಗುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ. ನಮ್ಮ ಹುಡುಗಿಗೂ ಊರಿಗೆ ಬಂದು ಕಾಲುವೆಗಳ ಕೆಲಸ ಮಾಡುವ ಮನಸ್ಸಿದೆ. ಮಾಸಿಕ ಕಂತಿನ ಮೊತ್ತ ನೋಡಿ ಅಲ್ಲಿಯೇ ಕೆಲಸ ಹುಡುಕುತ್ತಿದ್ದಾಳೆ. ಅವಳನ್ನು ದೂರಲು ನನಗೆ ಬಾಯಿಲ್ಲ. ಅಡಮಾನದ ಪತ್ರದಲ್ಲಿ ಸಹಿ ನನ್ನದು.

ಚಳಗೇರಿಯ ಹೆದ್ದಾರಿಯಲ್ಲಿ ಬಸ್ಸು ಹಾದುಹೋಗುವಾಗಲೆಲ್ಲ ಖಾರ್ಕಿವ್‌ನ ಆ ಸರದಿಯ ನೆನಪಾಗುತ್ತದೆ. ಅದರ ಹಿಂದೆಯೇ ಬ್ಯಾಂಕಿನಿಂದ ಎದ್ದು ಹೋದ ಆ ತಂದೆ-ಮಗನ ನೆನಪೂ ಬರುತ್ತದೆ. ಆ ಹುಡುಗ ಎಲ್ಲಿಗಾದರೂ ಹೋದನೋ, ಯಾರನ್ನು ನಂಬಿ ಹೋದನೋ, ಹೋಗದೆ ಉಳಿದನೋ ನನಗೆ ತಿಳಿಯದು. ಅವನ ಹೆಸರನ್ನಾದರೂ ಅಂದು ಕೇಳಬೇಕಿತ್ತು. ನಾನು ಕೇಳಲಿಲ್ಲ. ಜಿಲ್ಲೆಯ ಯಾವ ಕಚೇರಿಯಲ್ಲಿಯೂ ಅದನ್ನು ಕೇಳಿ ಬರೆದುಕೊಳ್ಳುವವರಿಲ್ಲ.